ಹೇಂಟೆ ಕೊಟ್ಟ ದೂರು

ಪಕ್ಕದ ಮನೆಯ ಎಮ್ಮೆಯ ತಿಪ್ಪೆ ಅಂಗಳದ ತುಂಬ ಹರಡಿಕೊಳ್ಳುತ್ತದೆ, ಕಣ್ಣಿಂದ ನೋಡಲಾಗದು ಎಂದು ಹೇಂಟೆ ಪಂಚಾಯ್ತಿಗೆ ದೂರು ಕೊಟ್ಟಿತು. ವಿಚಾರಣೆಗೆ ಮೆಂಬರ್ ಆಮೆ ಬಂತು.

"ಬೆಳಿಗ್ಗೆ ಒತ್ತಟ್ಟಿಗೆ ಗುಡ್ಡೆ ಹಾಕಿಯೇ ಮೇಯಲು ಹೋಗುತ್ತೇನೆ, ಸ್ವಾಮಿ. ಸಂಜೆ ಬಂದು ನೋಡಿದರೆ ಹೀಗೆ," ಎಂದಿತು ಎಮ್ಮೆ.

ಗುಡ್ಡೆಗೆ ಕಾಲು ಬರುವುದುಂಟೆ? ಆಮೆಗೆ ಕುತೂಹಲವಾಯಿತು. "ಎಲ್ಲಿ, ನೀವೇ ತೋರಿಸಿ ತಾಯಿ," ಎಂದು ಹೇಂಟೆಯನ್ನು ಕರೆಯಿತು.

ಹೇಂಟೆ ಸರಕ್ಕನೆ ತಿಪ್ಪೆಯ ಮೇಲೇರಿತು. "ನೋಡಿ ಮೆಂಬರಣ್ಣ, ಮರ್ಯಾದಸ್ಥರು ಬಾಳುವ ಕೇರಿಯೇ ಇದು?" ಎನ್ನುತ್ತ ಪರಪರ ಕೆದರಿತು. "ಥೂ, ಏನು ನಾತ!" ಎನ್ನುತ್ತ ಮತ್ತೆ ಕೆದರಿ, ಒಂದು ಹುಳು ನುಂಗಿ, ಮಾತು ಮುಂದುವರಿಸಿತು. ಕೆದರಿದ ಕಸವೆಲ್ಲ ಹಿಂದೆ ನಿಂತಿದ್ದ ಆಮೆಯ ಮೇಲೆ ಬಿದ್ದು, ಚಿಪ್ಪೇ ಮುಚ್ಚಿಹೋಯಿತು.

ಆಮೆ ಕಸದೊಳಗಿಂದ ಕತ್ತು ಹೊರಗೆ ಹಾಕಿ ಎಮ್ಮೆಯ ಮುಖ ನೋಡಿತು. ಎಮ್ಮೆ ಮೆಲುಕು ಹಾಕುತ್ತಿತ್ತು.

"ದೂರು ನಿಜ. ತಿಪ್ಪೆ ಹರಡುವುದನ್ನು ಕಣ್ಣಾರೆ ಕಂಡೆ," ಎಂದಿತು ಆಮೆ. "ನಾಳೆಯೇ ಸುತ್ತ ಬೇಲಿ ಹಾಕಿಸುತ್ತೇನೆ. ಗುಬ್ಬಚ್ಚಿಯೂ ನುಸುಳಬಾರದು, ಅಂಥ ಬೇಲಿ."

ಕೆದರಲೆಂದು ಎತ್ತಿದ ಹೇಂಟೆಯ ಕಾಲು ಎತ್ತಿದಂತೆಯೇ ನಿಂತಿತು.

"ನಮ್ಮ ಮನೆಯ ಕಡೆಗೆ ಒಂದು ಸಂದು ಬಿಡಿಸುತ್ತೀರಲ್ಲ, ಮೆಂಬರಣ್ಣ?"