ಕೊಳದ ಮುಂದೆ ತೆಗೆದ ಚೆಂಡು

"ಗುರುಗಳೇ, ಅಭ್ಯಾಸದಲ್ಲಿ ನೆಟ್ಟಗೆ ಹೋಗುವ ಚೆಂಡು ಪಂದ್ಯದ ದಿನ ಯಾಕೆ ಸೊಟ್ಟಗೆ ಹೋಗುತ್ತದೆ? ಮನಸ್ಸನ್ನು ಪಳಗಿಸುವುದು ಹೇಗೆ?" ಎಂದು ಸುಧನ್ವ ಕೇಳಿದ.

ಅವನು ರಜೆಯ ದಿನಗಳಲ್ಲಿ ಗಾಲ್ಫ್ ಆಡುವವನು. ಮರುದಿನ ಪಂದ್ಯವಿತ್ತು. ಈ ಸಲವೂ ಸೋತರೆ ಆಟವನ್ನೇ ಬಿಟ್ಟುಬಿಡುವುದೆಂದು ನಿಶ್ಚಯಿಸಿ, ಕೋಲುಗಳ ಚೀಲದ ಸಮೇತ ಆಟ ಕಲಿಸಿದ ಗುರುಗಳ ಮನೆಗೆ ಬಂದಿದ್ದ. ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ಜವಳಿ ವರ್ತಕನಿದ್ದ. ಅವನಿಗೆ ಗಾಲ್ಫ್ ಎಂದರೆ ಪ್ರಾಣ. ಚೆಂಡು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಒಮ್ಮೆ ಗಾಳಿಯನ್ನು ಬೈಯುತ್ತಿದ್ದ, ಒಮ್ಮೆ ಹುಲ್ಲನ್ನು. ಅವನ ಜೊತೆಗಾರ ಒಬ್ಬ ವಯಸ್ಸಾದ ವೈದ್ಯ. ಅವರು ಆಡುತ್ತಿದ್ದ ಜೋಡಿ ಪಂದ್ಯದಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಬ್ಬ ಹೊಡೆದ ಮೇಲೆ ಇನ್ನೊಬ್ಬ ಹೊಡೆಯಬೇಕು. ವರ್ಷಗಟ್ಟಲೆ ಜೊತೆಯಾಗಿ ಆಡಿ ಜೊತೆಯಾಗಿಯೇ ಸೋತಿದ್ದರು. ಒಂದು ವರ್ಷ ವೈದ್ಯ, ಮಂಡಿ ಸವೆದಿದೆ, ಈ ಸಲದ್ದೇ ನನ್ನ ಕೊನೆಯ ಪಂದ್ಯ ಎಂದ. ವರ್ತಕನಿಗೆ ಸಂಕಟವಾಯಿತು. ಒಂದು ಸಲವಾದರೂ ಗೆದ್ದು ಈ ಮನುಷ್ಯನನ್ನು ಬೀಳ್ಕೊಡಬೇಕು ಎಂದುಕೊಂಡ.

ಅಂದಿನಿಂದ ಮನಸ್ಸಿನ ಸಾಧನೆಗೆ ಕೂತ. ಬೆಳಿಗ್ಗೆ ಎದ್ದು ಉಸಿರು ಎಣಿಸಿದ. ಉಸಿರಿಗೇನು, ಎಣಿಸಿದರೂ ಬರುತ್ತದೆ, ಎಣಿಸದಿದ್ದರೂ ಬರುತ್ತದೆ. ಕಣ್ಣು ಮುಚ್ಚಿ, ಚೆಂಡು ಹಾರಿ ಕುಳಿಯ ಪಕ್ಕ ಬೀಳುವುದನ್ನು ಮನಸ್ಸಿನಲ್ಲೇ ನೋಡಿದ. ನಗಬೇಡ, ಅದರಿಂದ ಉಪಯೋಗವೂ ಆಯಿತು. ಪಂದ್ಯದ ದಿನ ಚೆಂಡು ಪೊದೆಗೆ ಹೋದಾಗ ಅವನು ಗಾಳಿಯನ್ನು ಬೈಯಲಿಲ್ಲ. ಹೋದದ್ದನ್ನು ಬಿಟ್ಟು ಮುಂದಿನ ಹೊಡೆತಕ್ಕೆ ನಿಂತ. ಕೊನೆಯ ಕುಳಿಗೆ ಬಂದಾಗ ಎರಡೂ ಜೋಡಿಗಳು ಸಮಸಮವಾಗಿದ್ದವು.

ಆ ಕುಳಿಗೆ ಹೋಗಲು ಚೆಂಡು ಒಂದು ಕೊಳವನ್ನು ದಾಟಬೇಕು. ಎದುರಾಳಿಗಳ ಚೆಂಡು ಆಗಲೇ ದಾಟಿತ್ತು. ಈ ಕಡೆಯಿಂದ ಮೊದಲ ಹೊಡೆತ ವರ್ತಕನದು. ಅಭ್ಯಾಸದಲ್ಲಿ ಅವನು ಆ ಕೊಳವನ್ನು ಎಷ್ಟೋ ಸಲ ದಾಟಿಸಿದ್ದ. ಕಣ್ಣು ಮುಚ್ಚಿದ, ಉಸಿರು ಎಣಿಸಿದ, ಚೆಂಡು ನೀರಿನ ಮೇಲೆ ಹಾರಿಹೋಗುವುದನ್ನು ಕಂಡ. ಕಣ್ಣು ತೆರೆದು, ಅಲ್ಲಿಯವರೆಗೆ ಆಡಿದ ಹೊಸ ಚೆಂಡನ್ನು ಒರೆಸಿ ಚೀಲದೊಳಗೆ ಇಟ್ಟ. ಪಕ್ಕದ ಜೇಬಿನಿಂದ ಒಂದು ಹಳೆಯ ಚೆಂಡು ತೆಗೆದ. ಅಂಗಡಿಯಲ್ಲಿ ಎಂಥ ಗಿರಾಕಿ ಬಂದರೂ ಮೊದಲು ಒಳ್ಳೆಯ ಸೀರೆಯನ್ನೇ ಬಿಚ್ಚಿ ಹಾಸುವ ಮನುಷ್ಯ ಅವನು.

"ಇದ್ಯಾಕೆ ಸೆಟ್ರೇ, ಈ ಸವಕಲು ಚೆಂಡು?" ಎಂದ ವೈದ್ಯ.

"ಹೋದ್ರೆ ಇದೇ ಹೋಗ್ಲಿ ಬಿಡಿ ಡಾಕ್ಟ್ರೇ."

ಹೊಡೆದ. ಚೆಂಡು ಕೊಳದ ನಡುವೆ ಬಿತ್ತು. ನೀರಿಗೆ ಬಿದ್ದದ್ದಕ್ಕೆ ಒಂದು ಹೊಡೆತ ಹೆಚ್ಚಾಗಿ, ಪಂದ್ಯ ಎದುರಾಳಿಗಳ ಪಾಲಾಯಿತು. ವೈದ್ಯ ಎದುರಾಳಿಗಳ ಕೈ ಕುಲುಕಿ ಬಂದು, "ಹೊಸದು ಮುಳುಗಿದ್ರೆ ನಂಗೇನೂ ಬೇಜಾರಾಗ್ತಿರಲಿಲ್ಲ ಸೆಟ್ರೇ" ಎಂದು ಹೇಳಿ, ಕುಂಟುತ್ತ ಹೊರಟುಹೋದ. ವರ್ತಕ ಆ ಹೊಸ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಅಲ್ಲೇ ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಉಸಿರು ಎಣಿಸಿದ್ದು, ಕಣ್ಣು ಮುಚ್ಚಿ ಕೂತದ್ದು ಎಲ್ಲ ದಂಡವೇ?" ಎಂದ ಸುಧನ್ವ.

"ದಂಡ ಯಾಕಾಗುತ್ತದೆ? ಕೊಳದ ದಡದವರೆಗೆ ಅವನನ್ನು ಕರೆತಂದದ್ದು ಅದೇ" ಎಂದರು ಗುರುಗಳು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಶಿಷ್ಯನ ಚೀಲದ ಕಡೆ ನೋಡಿ ಕೇಳಿದರು: "ಅದಿರಲಿ, ನಿನ್ನ ಹಳೆಯ ಚೆಂಡು ಯಾವ ಜೇಬಿನಲ್ಲಿದೆ?"