ಅಳಿಲಿನ ಬ್ಯಾಕಪ್

ಕಾಡಿನ ಡೇಟಾಬೇಸ್ ಅಡ್ಮಿನ್ ಒಂದು ಅಳಿಲು. ಯಾರ ಹಲಸಿನ ಬೀಜ ಯಾವ ಪೊಟರೆಯಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿತ್ತು. "ಪೊಟರೆಯಲ್ಲಿರುವ ಒಂದೊಂದು ಬೀಜಕ್ಕೂ ಜೊತೆಯಾಗಿ ಇನ್ನೊಂದನ್ನು ನೆಲದಲ್ಲಿ ಹೂತಿಟ್ಟಿದ್ದೇನೆ. ಅದೇ ನನ್ನ ಬ್ಯಾಕಪ್!" ಎಂದು ಬಾಲ ಕುಣಿಸುತ್ತಿತ್ತು.

"ಒಮ್ಮೆಯಾದರೂ ಅಗೆದು ನೋಡಿದ್ದೀರಾ, ಅಳಿಲಣ್ಣ?" ಎಂದು ಇರುವೆ ಕೇಳಿತು.

"ಭದ್ರವಾಗಿರುವುದನ್ನು ಅಗೆಯುವುದು ಯಾಕಮ್ಮ? ನಿನಗೆ ಬೇರೆ ಕೆಲಸವಿಲ್ಲವೇ?"

ಮಳೆಗಾಲ ಕಳೆದ ಮೇಲೆ ಕೋತಿ ತನ್ನ ಹುಳುಕು ಬೀಜಗಳನ್ನು ಎಸೆಯಲು ಬಂತು. ತನ್ನ ಪೊಟರೆ ಯಾವುದೆಂದು ಕೇಳುವಷ್ಟು ವ್ಯವಧಾನವಿಲ್ಲದೆ, ಎಲ್ಲರ ಪೊಟರೆಗಳನ್ನೂ ಬರಿದು ಮಾಡಿ ಹೊಳೆಗೆ ಸುರಿದುಬಿಟ್ಟಿತು. ಕಾಡಿಗೆ ಕಾಡೇ ಬಂದು ಅಳಿಲಿನ ಮರದ ಬುಡದಲ್ಲಿ ಬೊಬ್ಬೆ ಹಾಕಿತು.

"ಗಾಬರಿ ಬೇಡ! ಬನ್ನಿ ನನ್ನ ಹಿಂದೆ!" ಎಂದು ಅಳಿಲು ಕುಪ್ಪಳಿಸುತ್ತ ಓಡಿತು. ಹೂತಿಟ್ಟ ಜಾಗದಲ್ಲಿ ಬೀಜಗಳಿರಲಿಲ್ಲ. ಮೊಣಕಾಲೆತ್ತರದ ಹಲಸಿನ ಸಸಿಗಳು ಸಾಲಾಗಿ ನಿಂತು ತಲೆದೂಗುತ್ತಿದ್ದವು.

ಅಳಿಲು ಒಂದು ಗಳಿಗೆ ಮೀಸೆ ತುರಿಸಿಕೊಂಡಿತು. ಆಮೇಲೆ ಗಂಭೀರವಾಗಿ ಘೋಷಿಸಿತು: "ಒಂದು ಬೀಜವೂ ಕಳೆದಿಲ್ಲ. ಎಲ್ಲವನ್ನೂ ವಾಪಸು ಕೊಡುತ್ತೇನೆ. ಎಂಟು ವರ್ಷ ಬಿಟ್ಟು ಬನ್ನಿ."