ಬಾಚಣಿಗೆಗೆ ಹೆದರಿದ ಕೆಂಚ

ಕುರಿ ಕಾಯುವ ನಾಯಿ ಕೆಂಚನ ಕಿವಿಯ ಹಿಂದೆ ಮುಳ್ಳುಬೀಜ ಅಂಟಿ ಕೂದಲು ಗಂಟುಗಟ್ಟಿತ್ತು. ಒಡತಿ ಮಾಳವ್ವ ಬಾಚಣಿಗೆ ಹಿಡಿದು ಅಂಗಳಕ್ಕೆ ಬಂದದ್ದೇ ತಡ, ಕೆಂಚ ಓಡಿಹೋಗಿ ಕುರಿಹಟ್ಟಿಯಲ್ಲಿ ಅಡಗಿತು.

"ಏನಾಯಿತು, ಕಾವಲುಗಾರರೇ?" ಎಂದಿತು ಮುದಿ ಕುರಿ.

"ಬಾಚಿದರೆ ನೋಯುತ್ತದೆ."

"ಬಿಟ್ಟರೆ ಗಂಟಿನ ಕೆಳಗೆ ಹುಣ್ಣಾಗುತ್ತದೆ. ಉಣ್ಣೆ ಕತ್ತರಿಸುವ ದಿನ ತಾವು ನಮಗೆ ಏನೆಂದು ಬೊಗಳುತ್ತೀರಿ?"

"ಸುಮ್ಮನೆ ನಿಲ್ಲಿ, ಏನೂ ಆಗುವುದಿಲ್ಲ ಎನ್ನುತ್ತೇನೆ. ಆದರೆ ಅದು ನಿಮ್ಮ ಮೈ!"

ಕುರಿಗಳು ಮುಖ ಮುಖ ನೋಡಿಕೊಂಡವು. ಕೆಲವು ಬಲಕ್ಕೆ ಸರಿದವು, ಕೆಲವು ಎಡಕ್ಕೆ, ಉಳಿದವು ಕೆಂಚನ ಬೆನ್ನ ಹಿಂದೆ ನಿಂತವು. ನುಸುಳಲು ಹೋದ ಕಡೆಯೆಲ್ಲ ಒಂದೊಂದು ಮೂತಿ ಅಡ್ಡ ಬಂದು, ಕೆಂಚ ನೇರವಾಗಿ ಹಟ್ಟಿಯ ಬಾಗಿಲಲ್ಲಿ ಬಂದು ಕೂತಿದ್ದ ಮಾಳವ್ವನ ಮಡಿಲಿಗೆ ಬಿತ್ತು.

"ಹೀಗೆ ಅಟ್ಟುವುದನ್ನು ನಿಮಗೆ ಕಲಿಸಿದವರು ಯಾರು?" ಎಂದು ಕೂಗಿತು.

"ತಾವೇ," ಎಂದವು ಕುರಿಗಳು.

ಮಾಳವ್ವ ನಗುತ್ತ ಎಣ್ಣೆ ಸವರಿ, ಬೆರಳಿನಿಂದ ಗಂಟು ಬಿಡಿಸಿ, ಮೆಲ್ಲಗೆ ಬಾಚಿದಳು. ಬಾಚಣಿಗೆ ನಿಂತಾಗ ಕೆಂಚ ತಾನಾಗಿಯೇ ಇನ್ನೊಂದು ಕಿವಿ ಒಡ್ಡಿತು.

ಮುಂದಿನ ಸಲ ಉಣ್ಣೆ ಕತ್ತರಿಸುವಾಗ ಅದು ಬೊಗಳಲಿಲ್ಲ. ನಡುಗುತ್ತಿದ್ದ ಮರಿಯ ಪಕ್ಕಕ್ಕೆ ಹೋಗಿ ನಿಂತು, "ಹೆದರಿಕೆಯಾಗುತ್ತದೆ, ನನಗೂ ಆಗಿತ್ತು. ಆಮೇಲೆ ಎಷ್ಟು ಹಗುರ ನೋಡು!" ಎಂದಿತು.